ಪಾರ್ಕಿನಲ್ಲಿ ‘ಹೊರಗಿನವರು’ ಅಂದ್ರೆ ಯಾರು?

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಆರ್.ಟಿ. ನಗರ, ಹೆಬ್ಬಾಳ, ಸಹಕಾರನಗರ, ಯಲಹಂಕ ನ್ಯೂಟೌನ್ ಕಡೆ ಯಾವ ನಿವಾಸಿಗಳ ವಾಟ್ಸಾಪ್ ಗುಂಪು ನೋಡಿದರೂ ಪಾರ್ಕಿನ ವಿಷಯ ಬಂದಾಗ ಎರಡು ಮಾತು ಜೊತೆಜೊತೆಗೇ ಬರ್ತವೆ. ಒಂದು ‘ಸೇಫ್ಟಿ’, ಇನ್ನೊಂದು ‘ಹೊರಗಿನವರು’. ಹೊರಗಿನವರು ಬಂದು ಬೆಂಚಿನ ಮೇಲೆ ಮಲಗ್ತಾರೆ. ಹೊರಗಿನ ಹುಡುಗರು ಬಂದು ಕ್ರಿಕೆಟ್ ಆಡ್ತಾರೆ. ಹೊರಗಿನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತ್ಕೋತಾರೆ. ಆದ್ದರಿಂದ ಮಧ್ಯಾಹ್ನ ಬೀಗ ಹಾಕಿ, ಗ್ರಿಲ್ ಎತ್ತರ ಮಾಡಿ, ಗೇಟಲ್ಲಿ ಗುರುತಿನ ಚೀಟಿ ಕೇಳಿ.

ಇಂಥದೇ ಒಂದು ಸಭೆಯಲ್ಲಿ ನಾನೂ ಕೂತಿದ್ದೆ. ಯಾವ ಬಡಾವಣೆ, ಯಾವ ಸಂಘ ಅಂತ ಹೆಸರು ಬೇಡ, ಎಲ್ಲ ಕಡೆ ಇದೇ ಕಥೆ. “ಹೊರಗಿನವರು ಅಂದ್ರೆ ಯಾರು ಸರ್? ಯಾವುದರ ಹೊರಗೆ?” ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಗೊತ್ತಿಲ್ಲದೆ ಸುಮ್ಮನಾದವರಲ್ಲ ಅವರು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅಷ್ಟೆ.

ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಇದೆ. ಅದನ್ನ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ಬಾಬಾಸಾಹೇಬರಿಂದ ಶುರು ಮಾಡ್ತೀನಿ. ಯಾಕಂದ್ರೆ ಅವರ ಬದುಕಿನ ಅತ್ಯಂತ ಕೆಟ್ಟ ದಿನಗಳಲ್ಲೊಂದು ಕಳೆದದ್ದು ಒಂದು ಪಾರ್ಕಿನಲ್ಲಿ. 1917. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು, ಬರೋಡ ಸಂಸ್ಥಾನದ ಕೆಲಸಕ್ಕೆ ಬಂದಿದ್ದರು. ಊರಲ್ಲಿ ಇರೋಕೆ ಜಾಗ ಸಿಗಲಿಲ್ಲ. ಹಿಂದೂ ಹೋಟೆಲ್‌ಗಳಿಗೆ ಹೋಗುವಂತಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಉಳಿದರು. ಹನ್ನೊಂದನೇ ದಿನ ಬೆಳಗ್ಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಸ್ನೇಹಿತನನ್ನು ಕೇಳಿದರು, ನೀನು ಬಂದರೆ ನಮ್ಮ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಒಬ್ಬ ಕ್ರೈಸ್ತ ಸ್ನೇಹಿತನನ್ನು ಕೇಳಿದರು, ಹೆಂಡತಿಯನ್ನು ಕೇಳಬೇಕು ಅಂದ. ಬಾಂಬೆ ರೈಲು ಇದ್ದದ್ದು ರಾತ್ರಿ. ಅಲ್ಲಿಯವರೆಗಿನ ಗಂಟೆಗಳನ್ನು ಅವರು ಕಳೆದದ್ದು ಕಾಮಾಠಿ ಬಾಗ್ ಅನ್ನೋ ಸಾರ್ವಜನಿಕ ಉದ್ಯಾನದಲ್ಲಿ. ಇವತ್ತು ಅದನ್ನ ಸಯಾಜಿ ಬಾಗ್ ಅಂತಾರೆ. ಇದೆಲ್ಲವನ್ನೂ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. ನಾವು ಸೆಪ್ಟೆಂಬರ್ 23ನ್ನು ಸಂಕಲ್ಪ ದಿನ ಅಂತ ಆಚರಿಸೋದು ಆ ದಿನದ ನೆನಪಿಗೆ.

ಈ ಕಥೆಯನ್ನ ನಾವು ಯಾವಾಗಲೂ ಅವಮಾನದ ಕಥೆಯಾಗಿ, ಸಂಕಲ್ಪದ ಕಥೆಯಾಗಿ ಹೇಳ್ತೀವಿ. ಅದು ಸರಿಯೇ. ಆದ್ರೆ ಅದರೊಳಗೆ ಪಾರ್ಕಿನ ಕಥೆಯೂ ಒಂದಿದೆ. ಅಷ್ಟು ದೊಡ್ಡ ಊರಲ್ಲಿ ಹೋಟೆಲ್ ಜಾತಿ ಕೇಳಿತು, ವಸತಿಗೃಹ ಧರ್ಮ ಕೇಳಿತು, ಸ್ನೇಹಿತರ ಮನೆ ಬಾಗಿಲು ನೆಪ ಹೇಳಿತು. ಏನೂ ಕೇಳದೆ ಕೂರಲು ಬಿಟ್ಟದ್ದು ಆ ಉದ್ಯಾನ ಒಂದೇ. ಅಲ್ಲಿ ಸುಳ್ಳು ಹೆಸರು ಬೇಕಾಗಲಿಲ್ಲ. ಅವತ್ತು ಆ ಉದ್ಯಾನದ ಗೇಟಲ್ಲಿ ಒಬ್ಬ ಕಾವಲುಗಾರ ನಿಂತು ‘ನೀವು ಈ ಬಡಾವಣೆಯವರಾ?’ ಅಂತ ಕೇಳಿದ್ದರೆ? ಮಧ್ಯಾಹ್ನ ಬೀಗ ಹಾಕಿದ್ದರೆ? ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರೋದು ಅನುಮಾನಾಸ್ಪದ ಅಂತ ಎಬ್ಬಿಸಿದ್ದರೆ?

ಪಾರ್ಕು ಅಂದ್ರೆ ಬರೀ ಹೂವು, ಹುಲ್ಲು, ವಾಕಿಂಗ್ ಟ್ರ್ಯಾಕ್ ಅಂತ ತಿಳಿದವರಿಗೆ ಇದು ಅರ್ಥ ಆಗೋದು ಕಷ್ಟ. ಇರೋಕೆ ಜಾಗ ಇಲ್ಲದವನಿಗೆ ಇರೋ ಜಾಗ ಪಾರ್ಕು.

ಹತ್ತು ವರ್ಷದ ನಂತರ, 1927ರ ಮಾರ್ಚ್ 20ಕ್ಕೆ, ಅದೇ ಮನುಷ್ಯ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ನಮಗೆಲ್ಲ ಇದು ಬಾಯಿಪಾಠ. ಆದ್ರೆ ಒಂದು ಅಂಶ ಮರೀತೀವಿ. ಆ ಕೆರೆ ಕಾಗದದ ಮೇಲೆ ಆಗಲೇ ನಮಗೆ ತೆರೆದಿತ್ತು. 1923ರಲ್ಲಿ ಎಸ್.ಕೆ. ಬೋಲೆ ಅವರು ಬಾಂಬೆ ವಿಧಾನ ಪರಿಷತ್ತಿನಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆ ಎಲ್ಲವೂ ಅಸ್ಪೃಶ್ಯರಿಗೂ ಮುಕ್ತ ಅಂತ ನಿರ್ಣಯ ಮಾಡಿಸಿದ್ದರು. ಮಹಾಡ್ ಪುರಸಭೆಯೂ 1924ರಲ್ಲಿ ಒಪ್ಪಿ ನಿರ್ಣಯ ಮಾಡಿತ್ತು. ಆದರೂ ಒಬ್ಬರೂ ನೀರು ಮುಟ್ಟುವಂತಿರಲಿಲ್ಲ. ಮುಟ್ಟಿದ ಮೇಲೆ ಹೊಡೆತ ಬಿತ್ತು, 108 ಕೊಡ ಪಂಚಗವ್ಯ ಸುರಿದು ಕೆರೆಯನ್ನ ‘ಶುದ್ಧ’ ಮಾಡಿದರು, ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ಪಡೆಯಿತು. ‘ಸಾರ್ವಜನಿಕ’ ಅನ್ನೋ ಬೋರ್ಡಿಗೂ ಸಾರ್ವಜನಿಕರು ಒಳಗೆ ಹೋಗೋದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ನಮ್ಮವರು ಅವತ್ತೇ ಕಂಡಿದ್ದರು.

ಅದೇ 1927ರಲ್ಲಿ ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೊಸ ಹೆಸರಿಟ್ಟರು. 1870ರಲ್ಲಿ ಹುಟ್ಟಿದ ಪಾರ್ಕು ಅದು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, ಆಮೇಲೆ ಮಹಾರಾಜರ ಹೆಸರು. ನಮ್ಮ ಊರಿನ ಉದ್ಯಾನಗಳ ಇತಿಹಾಸ ಅಂತ ಓದಲು ಸಿಗೋದು ಹೀಗೇ: ಯಾವ ಕಮಿಷನರ್, ಯಾವ ಅರಸು, ಯಾವ ಸಸ್ಯಶಾಸ್ತ್ರಜ್ಞ. ಗಿಡಕ್ಕೆ ನೀರು ಹಾಕಿದವನು, ಎಲೆ ಗುಡಿಸಿದವಳು ಯಾವ ಕೇರಿಯವರು ಅನ್ನೋದು ಆ ಪುಸ್ತಕಗಳಲ್ಲಿ ಸಿಗಲ್ಲ.

ಈಗ ಸಂವಿಧಾನಕ್ಕೆ ಬನ್ನಿ. 15ನೇ ವಿಧಿ, ಎರಡನೇ ಉಪವಿಧಿ. ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಹೋಗೋದಕ್ಕೆ, ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಭಾಗಶಃವೋ ನಡೆಯುವ ಅಥವಾ ಜನರ ಉಪಯೋಗಕ್ಕೆಂದೇ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗಗಳನ್ನು ಬಳಸೋದಕ್ಕೆ ಯಾವ ನಾಗರಿಕನನ್ನೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ತಡೆಯುವಂತಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಕೆ.ಟಿ. ಷಾ ಒಂದು ಉದ್ದದ ತಿದ್ದುಪಡಿ ತಂದಿದ್ದರು. ಅದರಲ್ಲಿ ಪಾರ್ಕು, ಉದ್ಯಾನ, ವಸ್ತುಸಂಗ್ರಹಾಲಯ, ಟ್ರಾಮು, ಬಸ್ಸು ಎಲ್ಲವನ್ನೂ ಒಂದೊಂದಾಗಿ ಹೆಸರು ಹಿಡಿದು ಬರೆದಿದ್ದರು. ಆ ಪಟ್ಟಿ ಅಂಗೀಕಾರ ಆಗಲಿಲ್ಲ, ‘ಜನ ಸೇರುವ ಜಾಗ’ ಅನ್ನೋ ಅಗಲವಾದ ಮಾತೇ ಉಳಿಯಿತು. ಆ ಅಗಲದೊಳಗೆ ಪಾರ್ಕು ಬರುತ್ತೆ. ಪಾಲಿಕೆಯ ಒಂದು ರೂಪಾಯಿ ಅದಕ್ಕೆ ಬಿದ್ದಿದ್ದರೂ ಬರುತ್ತೆ. ನಿವಾಸಿ ಸಂಘ ಪಾರ್ಕನ್ನ ‘ದತ್ತು’ ತಗೊಂಡು ಗಿಡಕ್ಕೆ ಗೊಬ್ಬರ ಹಾಕಿದ ಮಾತ್ರಕ್ಕೆ ಅದು ಸಂಘದ ಹಿತ್ತಲು ಆಗಲ್ಲ.

ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯೂ ಸಾರ್ವಜನಿಕ ಸ್ಥಳಕ್ಕೆ ಪರಿಶಿಷ್ಟರು ಬರದಂತೆ ತಡೆಯುವುದನ್ನು ಅಪರಾಧ ಅಂತ ಬಿಡಿಸಿ ಹೇಳುತ್ತೆ. ಇದು ಎಲ್ಲರಿಗೂ ಗೊತ್ತು. ಅದಕ್ಕೇ ಈಗ ಯಾವ ಬೋರ್ಡಿನಲ್ಲೂ ಜಾತಿಯ ಹೆಸರು ಇರಲ್ಲ. ‘ಹೊರಗಿನವರು’ ಅಂತ ಇರುತ್ತೆ. ಕಾನೂನಿನ ಕೈಗೆ ಸಿಗದ ಪದ ಅದು.

ಸರಿ, ಈಗ ನಮ್ಮ ಉತ್ತರ ಬೆಂಗಳೂರಿಗೆ ಬರೋಣ. ಇಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು?

ಹೆಬ್ಬಾಳ, ನಾಗವಾರ, ಜಕ್ಕೂರು, ರಾಚೇನಹಳ್ಳಿ, ಯಲಹಂಕ. ಇವೆಲ್ಲ ಕೆರೆಯ ಊರುಗಳು. ಮತ್ತಿಕೆರೆಯಲ್ಲಂತೂ ಹೆಸರಲ್ಲೇ ಕೆರೆ ಇದೆ. ಒಂದರ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗ್ತಿತ್ತು. ಈ ಕೆರೆಗಳನ್ನ ಕಾಯ್ತಾ ಇದ್ದವನ ಹೆಸರು ನೀರಗಂಟಿ. ತೂಬು ಎತ್ತೋದು, ಅಚ್ಚುಕಟ್ಟಿಗೆ ಸರದಿ ಪ್ರಕಾರ ನೀರು ಬಿಡೋದು, ಜೋರು ಮಳೆಯ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಿ ಬಿರುಕು ಬಿಟ್ಟಿದೆ ಅಂತ ನೋಡೋದು, ಅಪಾಯ ಕಂಡರೆ ಊರನ್ನ ಎಬ್ಬಿಸೋದು ಅವನ ಕೆಲಸ. ಕೋಲಾರ, ಬೆಂಗಳೂರು ಸೀಮೆಯ ಬಹಳಷ್ಟು ಊರುಗಳಲ್ಲಿ ನೀರಗಂಟಿ, ತೋಟಿ ಎರಡೂ ನಮ್ಮ ಕೇರಿಯವರೇ. ನಮ್ಮ ತಾತನೂ ಯಲಹಂಕದ ಆಚೆಯ ಒಂದು ಊರಿನ ನೀರಗಂಟಿ. ಇಡೀ ಊರಿನ ಗದ್ದೆಗೆ ನೀರು ಹಂಚುತ್ತಿದ್ದ ಆ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

ಯೋಚನೆ ಮಾಡಿ. ಇವತ್ತು ‘ಸೇಫ್ಟಿ ಮ್ಯಾನೇಜ್‌ಮೆಂಟ್’ ಅಂತ ಏನು ಹೇಳ್ತಾರೋ ಅದನ್ನ ಈ ನೆಲದಲ್ಲಿ ನೂರಾರು ವರ್ಷ ಮಾಡಿದವರು ನಾವು. ಅದಕ್ಕೆ ಸಂಬಳ ಅಂತ ಸಿಕ್ಕಿದ್ದು ಒಂದಿಷ್ಟು ಇನಾಂ ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಕಾಳು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಹುದ್ದೆ ಹೋಯ್ತು. ಅದು ಬಿಟ್ಟಿ ಚಾಕರಿಯಿಂದ ಬಿಡುಗಡೆಯೂ ಹೌದು, ಅದರಲ್ಲಿ ಎರಡು ಮಾತಿಲ್ಲ. ಇನಾಂ ಜಮೀನು ಮರುಮಂಜೂರಾಗಿ ಕೈಗೆ ಬಂದರೂ ಎಷ್ಟು ಜನರ ಕೈಯಲ್ಲಿ ಉಳಿಯಿತು? ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನ ಉಳಿಸೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದರು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಕಡೆ ಆ ಕಾಯ್ದೆಗೆ ಏನೇನು ಆಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಕೋರ್ಟು ಕಚೇರಿ ಅಲೆದವರು ನೀವೇ ಇದ್ದೀರಿ.

ಹೊಲ ಹೋಯ್ತು. ಆಮೇಲೆ ಗೋಮಾಳ ಹೋಯ್ತು, ಕೆರೆಯಂಗಳ ಹೋಯ್ತು. ಬಡಾವಣೆ ಬಂತು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಿಂದ ಬಿಡಿಎ. ಹಳ್ಳಿಯ ಹೊಲಗದ್ದೆ ಸ್ವಾಧೀನ ಮಾಡಿಕೊಂಡು ಮೂವತ್ತು ನಲವತ್ತು, ನಲವತ್ತು ಅರವತ್ತು ಸೈಟು ಮಾಡಿ ಹಂಚಿದರು. ಬಿಡಿಎ ಕಾಯ್ದೆಯಲ್ಲಿ ಒಂದು ಒಳ್ಳೆಯ ನಿಯಮ ಇದೆ. ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ 15ರಷ್ಟು ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ಅದರ ಮೇಲೆ ಇನ್ನೂ ಶೇ 10 ನಾಗರಿಕ ಸೌಲಭ್ಯಕ್ಕೆ. ಬಹಳ ಸಂತೋಷ. ಆದರೆ ಈ ಲೆಕ್ಕ ಬಡಾವಣೆಗೆ ಮಾತ್ರ. ನಡುವೆ ಸಿಕ್ಕಿಹಾಕಿಕೊಂಡ ಹಳೇ ಹಳ್ಳಿಗೆ ಇಲ್ಲ. ಹಳ್ಳಿಯ ಅಂಚಿನ ಎ.ಕೆ. ಕಾಲೊನಿಗೆ ಇಲ್ಲ. ಕೊಳೆಗೇರಿಗೆ ಇಲ್ಲ. ಹತ್ತು ಅಡಿ ಅಗಲದ ಓಣಿ, ಎರಡೂ ಕಡೆ ಶೀಟಿನ ಮನೆ, ಒಂದೇ ರೂಮಿನಲ್ಲಿ ಆರು ಜನ. ಅಲ್ಲಿ ಶೇ 15 ಎಲ್ಲಿಂದ ಬರಬೇಕು?

ಹಾಗಾಗಿ ಆ ಕಾಲೊನಿಯ ಮಕ್ಕಳು ಮೇನ್ ರೋಡ್ ದಾಟಿ ಬಡಾವಣೆಯ ಪಾರ್ಕಿಗೆ ಬರ್ತಾರೆ. ಆ ಪಾರ್ಕು ಇರೋ ನೆಲದಲ್ಲೇ ಅವರ ಅಜ್ಜಿ ಕಳೆ ಕಿತ್ತಿದ್ದಾಳೆ, ಅವರ ಅಜ್ಜ ಏರಿ ಕಾದಿದ್ದಾನೆ. ಗೇಟಿನಲ್ಲಿ ಆ ಮಕ್ಕಳಿಗೆ ಸಿಗುವ ಹೆಸರು ‘ಹೊರಗಿನವರು’. ಎಂಬತ್ತು, ತೊಂಬತ್ತರ ದಶಕದಲ್ಲಿ ಸೈಟು ಸಿಕ್ಕಿ ಬಂದವರು ‘ಸ್ಥಳೀಯರು’.

ಇದು ಹೊಸ ಪದ್ಧತಿ ಏನಲ್ಲ. ಯಶವಂತಪುರದ ಪಕ್ಕದ ಮಲ್ಲೇಶ್ವರವನ್ನೂ ಆ ಕಡೆ ಬಸವನಗುಡಿಯನ್ನೂ 1890ರ ದಶಕದಲ್ಲಿ ಯೋಜನೆ ಮಾಡಿದಾಗ ಬ್ಲಾಕುಗಳನ್ನ ಜಾತಿ, ಧರ್ಮದ ಲೆಕ್ಕದಲ್ಲೇ ವಿಂಗಡಿಸಿದ್ದರು. ಇತಿಹಾಸಕಾರರು ಇದನ್ನ ವಿವರವಾಗಿ ಬರೆದಿದ್ದಾರೆ. 1898ರ ಪ್ಲೇಗ್ ಬಂದಾಗ ಗಾಳಿ, ಬೆಳಕು, ಅಗಲ ರಸ್ತೆಯ ಈ ಬಡಾವಣೆಗಳು ಆರೋಗ್ಯದ ಮಾದರಿ ಅನ್ನಿಸಿಕೊಂಡವು. ಆರೋಗ್ಯವನ್ನೂ ಅಗ್ರಹಾರದ ನಕ್ಷೆಯಲ್ಲೇ ಹಂಚಿದರು.

ಈಗ ಒಂದು ಕೇಸಿನ ಕಥೆ ಹೇಳ್ತೀನಿ. ಇದು ನಮ್ಮ ಪರವಾಗಿ ಬಳಸಬೇಕಾದ ಕೇಸು. ಹೆಬ್ಬಾಳಕ್ಕೆ ಹೋಗೋ ದಾರಿಯಲ್ಲಿ ರಾಜಮಹಲ್ ವಿಲಾಸ ಬಡಾವಣೆ, ಈಗಿನ ಸದಾಶಿವನಗರ. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನ ಎಪ್ಪತ್ತರ ದಶಕದಲ್ಲಿ ಮುಖ್ಯಮಂತ್ರಿಯ ಆದೇಶದ ಮೇಲೆ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡಲು ಹೊರಟರು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅಂತ ಆ ತೀರ್ಪಿನ ಹೆಸರು. ದೇಶದಲ್ಲಿ ಪಾರ್ಕು ಉಳಿಸಲು ಹೋರಾಡುವವರೆಲ್ಲ ಇವತ್ತಿಗೂ ಅದನ್ನೇ ಹಿಡ್ಕೊಂಡು ಹೋಗ್ತಾರೆ.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್.ಎಂ. ಸಹಾಯ್ ಒಂದು ಮಾತು ಹೇಳಿದ್ದಾರೆ, ಅದರ ಸಾರ ಇಷ್ಟು: ಹಿಂದೆ ಉದ್ಯಾನ ಅನ್ನೋದು ಅರಸರ, ಸಿರಿವಂತರ ಸೊತ್ತಾಗಿತ್ತು. ಸಮಾನತೆಯ ಕಲ್ಪನೆ ಬೆಳೆದ ಮೇಲೆ, ಸಾಮಾನ್ಯ ಮನುಷ್ಯನಿಗೂ ಬೆಲೆ ಇದೆ ಅಂತ ಆದ ಮೇಲೆ ಹುಟ್ಟಿದ್ದು ಸಾರ್ವಜನಿಕ ಪಾರ್ಕು, ಅದು ಜನ ತಮಗೆ ತಾವೇ ಕೊಟ್ಟುಕೊಂಡದ್ದು. ನೋಡಿ, ಸಿರಿವಂತ ಬಡಾವಣೆಯ ಕೇಸಿನಲ್ಲಿ ಬಂದ ತೀರ್ಪು ಸಾಮಾನ್ಯ ಮನುಷ್ಯನ ಹೆಸರಲ್ಲಿ ಇದೆ. ಪಾರ್ಕನ್ನ ನರ್ಸಿಂಗ್ ಹೋಮಿನಿಂದ ಉಳಿಸಲು ಆ ತೀರ್ಪು ಬೇಕು, ಮನೆಗೆಲಸದ ಹೆಂಗಸು ಬೆಂಚಿನ ಮೇಲೆ ಕೂತಾಗ ಅದು ನೆನಪಾಗಬಾರದು ಅಂದ್ರೆ ಹೇಗೆ ಸ್ವಾಮಿ?

ಹಿಂದೆಯೇ 1985ರಲ್ಲಿ ರಾಜ್ಯ ಸರ್ಕಾರ ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ ಅಂತಲೇ ಒಂದು ಕಾಯ್ದೆ ಮಾಡಿತ್ತು. ಯಾವ್ಯಾವ ಜಾಗ ಪಾರ್ಕು ಅಂತ ಪಟ್ಟಿ ಮಾಡಬೇಕು, ಬೇರೆ ಕೆಲಸಕ್ಕೆ ಬಳಸಬಾರದು. ಅದೇ ಹೊತ್ತಿಗೆ ಎನ್. ಲಕ್ಷ್ಮಣರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನ ಉಳಿಸೋಕೆ ವರದಿ ಕೊಟ್ಟಿತು. ಕಾನೂನಿಗೆ ನಮ್ಮಲ್ಲಿ ಯಾವತ್ತೂ ಬರ ಬಂದಿಲ್ಲ.

ಆದರೂ ಏನಾಯ್ತು? 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಕೆರೆ ನೋಡಿಕೊಳ್ಳೋಕೆ ದುಡ್ಡಿಲ್ಲ, ಖಾಸಗಿಯವರಿಗೆ ಗುತ್ತಿಗೆ ಕೊಡೋಣ ಅಂದರು. ಹೆಬ್ಬಾಳ ಕೆರೆ ಒಬೆರಾಯ್ ಹೋಟೆಲ್ ಸಮೂಹದ ಕಂಪನಿಗೆ. ನಾಗವಾರ ಕೆರೆ ಲುಂಬಿನಿ ಗಾರ್ಡನ್ಸ್‌ಗೆ. ಹೆಸರು ನೋಡಿ, ಬುದ್ಧ ಹುಟ್ಟಿದ ಊರು! ಬುದ್ಧನ ಹೆಸರಿನ ಉದ್ಯಾನಕ್ಕೆ ಟಿಕೆಟ್ ತಗೊಂಡು ಹೋಗಬೇಕಿತ್ತು. ದನ ಮೇಯಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಸಂಜೆ ಸುಮ್ಮನೆ ಏರಿ ಮೇಲೆ ಕೂರುತ್ತಿದ್ದವರು ಇಂಥ ಗುತ್ತಿಗೆಯ ಲೆಕ್ಕದಲ್ಲಿ ಎಲ್ಲೂ ಬರೋದಿಲ್ಲ. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನವರು 2008ರಲ್ಲಿ ಹೈಕೋರ್ಟಿಗೆ ಹೋದರು. ಹೊಸ ಗುತ್ತಿಗೆಗಳಿಗೆ ತಡೆ ಬಿತ್ತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, 2012ರ ಏಪ್ರಿಲ್‌ನಲ್ಲಿ ಅಂತಿಮ ತೀರ್ಪು ಬಂತು. ಕೆರೆ ಅಂದ್ರೆ ಮಾರಾಟದ ಸರಕಲ್ಲ ಅನ್ನೋದಕ್ಕೆ ಕೋರ್ಟಿನ ಮುದ್ರೆ ಬೀಳೋಕೆ ಇಷ್ಟು ಕಾಲ ಬೇಕಾಯ್ತು.

ಈಗ ‘ಸೇಫ್ಟಿ’ಗೆ ಬರ್ತೀನಿ. ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ಸುರಕ್ಷತೆ ಬೇಡ ಅಂತ ನಾನು ಹೇಳ್ತಿಲ್ಲ. ದೀಪ ಇಲ್ಲದ ಪಾರ್ಕಿನಲ್ಲಿ ಸಂಜೆ ಏಳಕ್ಕೆ ನಡೆಯೋಕೆ ಬಡಾವಣೆಯ ಹೆಣ್ಣುಮಗಳಿಗೆ ಎಷ್ಟು ಭಯವೋ ಗಾರ್ಮೆಂಟ್ಸ್ ಮುಗಿಸಿ ಬರೋ ನಮ್ಮ ಹೆಣ್ಣುಮಗಳಿಗೂ ಅಷ್ಟೇ ಭಯ. ಕುಡುಕರ ಕಾಟ, ಸರಗಳ್ಳರ ಕಾಟ, ಪೀಡಿಸುವವರ ಕಾಟ ಎಲ್ಲ ನಿಜ. ಆದ್ರೆ ಅದಕ್ಕೆ ಮದ್ದು ಅಂತ ಮಾಡ್ತಿರೋದೇನು? ಮಧ್ಯಾಹ್ನ ಬೀಗ.

ಮಧ್ಯಾಹ್ನ ಪಾರ್ಕು ಯಾರಿಗೆ ಬೇಕು ಅಂತ ಕೇಳಿಕೊಳ್ಳಿ. ಬೆಳಗ್ಗೆ ಆರಕ್ಕೆ ವಾಕಿಂಗ್ ಮುಗಿಸಿದವರಿಗೆ ಬೇಡ, ಅವರು ಫ್ಯಾನಿನ ಕೆಳಗೆ ಇರ್ತಾರೆ. ಬೆಳಗಿನ ಜಾವ ಮಸ್ಟರಿಂಗ್‌ಗೆ ಬಂದು ರಸ್ತೆ ಗುಡಿಸಿದ ಪೌರಕಾರ್ಮಿಕ ಅಕ್ಕನಿಗೆ ಬೇಕು. ಎರಡು ಮನೆಯ ಪಾತ್ರೆ ಮುಗಿಸಿ ಮೂರನೇ ಮನೆಗೆ ಹೋಗೋ ಮೊದಲು ಒಂದು ಗಂಟೆ ಬಿಡುವಿರುವ ಮನೆಗೆಲಸದವಳಿಗೆ ಬೇಕು. ಡೆಲಿವರಿ ಹುಡುಗನಿಗೆ, ಗಾರೆ ಕೆಲಸದವನಿಗೆ, ಆಟೋದವನಿಗೆ ಬೇಕು. ಪಾರ್ಕು ಗುಡಿಸುವವಳೇ ಊಟದ ಹೊತ್ತಿಗೆ ಪಾರ್ಕಿನ ಹೊರಗಿನ ಫುಟ್‌ಪಾತ್ ಮೇಲೆ ಡಬ್ಬಿ ಬಿಚ್ಚುವುದನ್ನ ನಾನು ಎಷ್ಟೋ ಸಲ ಕಂಡಿದ್ದೇನೆ. ಪೌರಕಾರ್ಮಿಕರ ಸ್ಥಿತಿಗತಿ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟದ್ದು 1976ರಲ್ಲಿ. ತಲೆ ಮೇಲೆ ಮಲ ಹೊರುವುದನ್ನ ನಿಷೇಧ ಮಾಡಿದ, ‘ಬೂಸಾ’ ಮಾತಿಗೆ 1973ರಲ್ಲಿ ಮಂತ್ರಿ ಪದವಿಯನ್ನೇ ಕಳೆದುಕೊಂಡ ಬಿ. ಬಸವಲಿಂಗಪ್ಪನವರು ಇದೇ ಯಲಹಂಕದ ಶಾಸಕರೂ ಆಗಿದ್ದವರು. ಅವರ ಕ್ಷೇತ್ರದಲ್ಲೇ ಇವತ್ತು ಕಸ ಗುಡಿಸುವವರು ನೆರಳಿಗೆ ಪರದಾಡ್ತಾರೆ.

2024ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬಿಬಿಎಂಪಿ ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಲಿ ಅಂದರು. ಒಳ್ಳೆಯ ತೀರ್ಮಾನ, ಯಾವ ಪಕ್ಷದವರು ಮಾಡಿದರೂ ಒಳ್ಳೆಯದೇ. ಆಗ ಎದ್ದ ಆಕ್ಷೇಪ ಏನು ಗೊತ್ತಾ? ಮತ್ತದೇ, ಸೇಫ್ಟಿ.

ಅದೇ ವರ್ಷದ ಸೆಪ್ಟೆಂಬರ್ 22. ಮಲ್ಲೇಶ್ವರದ ಬಿಬಿಎಂಪಿ ಆಟದ ಮೈದಾನದಲ್ಲಿ ಆಡಲು ಬಂದ ಒಬ್ಬ ಶಾಲಾ ಬಾಲಕನ ಮೇಲೆ ಕಬ್ಬಿಣದ ಗೇಟು ಬಿದ್ದು ಮಗು ಸತ್ತಿತು. ಮರುದಿನ ಸಂಕಲ್ಪ ದಿನ. ನಾವು ಕಾಮಾಠಿ ಬಾಗ್ ನೆನೆಯುವ ದಿನ. ಆ ಮಗುವನ್ನ ಕೊಂದದ್ದು ಹೊರಗಿನವನಲ್ಲ, ಬೆಂಚಿನ ಮೇಲೆ ಮಲಗಿದ ಕೂಲಿಯವನಲ್ಲ. ಸುರಕ್ಷತೆಗೆ ಅಂತ ಹಾಕಿದ ಗೇಟು, ಯಾರೂ ಸರಿಯಾಗಿ ನೋಡಿಕೊಳ್ಳದ ಗೇಟು. ಗೇಟು ಹಾಕೋಕೆ ಟೆಂಡರ್ ಕರೀತಾರೆ, ಗೇಟಿನ ಕೀಲು ನೋಡೋಕೆ ಜನ ಇಡಲ್ಲ.

ಗೇಟು ಮುಚ್ಚೋ ರಾಜಕೀಯ ನಮ್ಮ ದೇಶದ್ದು ಮಾತ್ರ ಅಲ್ಲ. ಅಮೆರಿಕದ ಮಾಂಟ್ಗೊಮರಿ, ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡದ ಊರು. ಬಸ್ಸಿನ ಹೋರಾಟ ಗೆದ್ದ ಮೇಲೆ ಕಪ್ಪು ಜನ ಪಾರ್ಕಿಗಾಗಿ ಕೋರ್ಟಿಗೆ ಹೋದರು. ಊರಿನ ಆಡಳಿತ ಏನು ಮಾಡಿತು? 1959ರಲ್ಲಿ ಎಲ್ಲ ಪಾರ್ಕುಗಳನ್ನೂ ಮುಚ್ಚಿಬಿಟ್ಟಿತು. ಈಜುಕೊಳಕ್ಕೆ ಮಣ್ಣು ತುಂಬಿಸಿದರು, ಮೃಗಾಲಯದ ಪ್ರಾಣಿಗಳನ್ನ ಮಾರಿದರು. 1965ರವರೆಗೆ ಬಿಳಿ ಮಕ್ಕಳೂ ಆಡಲಿಲ್ಲ, ಕಪ್ಪು ಮಕ್ಕಳೂ ಆಡಲಿಲ್ಲ. ಜೊತೆಗೆ ಆಡೋದಕ್ಕಿಂತ ಯಾರೂ ಆಡದಿರೋದೇ ವಾಸಿ ಅನ್ನೋ ಮನಸ್ಸು. ನಮ್ಮ ಮಧ್ಯಾಹ್ನದ ಬೀಗದಲ್ಲಿ ಅದರದೇ ಒಂದು ಸಣ್ಣ ತುಣುಕು ಇದೆ.

ಆಟದ ವಿಷಯವೂ ಹೇಳಿಬಿಡ್ತೀನಿ. ‘ಚೆಂಡಾಟ ನಿಷೇಧಿಸಲಾಗಿದೆ’ ಅನ್ನೋ ಬೋರ್ಡು ಎಲ್ಲ ಕಡೆ. ಪಾಲ್ವಂಕರ್ ಬಾಲೂ ಹೆಸರು ಕೇಳಿದ್ದೀರಾ? ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಚಮ್ಮಾರರ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸುವ, ಗುಡಿಸುವ ಕೆಲಸಕ್ಕಿದ್ದವನು. ನೆಟ್ಸ್‌ನಲ್ಲಿ ಬಿಳಿಯರಿಗೆ ಚೆಂಡು ಹಾಕಿ ಹಾಕಿ ಕಲಿತ. 1911ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಪುಣೆಯಲ್ಲಿ ಅವನ ತಂಡದವರು ಚಹಾದ ವಿರಾಮದಲ್ಲಿ ಅವನಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡ್ತಿದ್ದರು. ಮೈದಾನ ಹದ ಮಾಡುವ ಕೈಗೆ ಮೈದಾನ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಬಾಲೂ ಸಾಕ್ಷಿ. ಇವತ್ತು ನಮ್ಮ ಕಾಲೊನಿಯ ಹುಡುಗ ಕಾಸು ಕೊಟ್ಟು ಟರ್ಫ್ ಬುಕ್ ಮಾಡೋಕಾಗಲ್ಲ. ಪಾರ್ಕಿನಲ್ಲೂ ಬೇಡ ಅಂದ್ರೆ ರಸ್ತೆಯಲ್ಲಿ ಆಡ್ತಾನೆ, ಅಲ್ಲಿ ಗಾಡಿಗೆ ಸಿಕ್ತಾನೆ. ಆಗ ಅವನ ಸೇಫ್ಟಿ ಯಾರ ಲೆಕ್ಕ?

ಪಾರ್ಕು ಹೇಗೆ ಸುರಕ್ಷಿತ ಆಗುತ್ತೆ ಅಂತ ಬಲ್ಲವರು ಹಿಂದೆಯೇ ಹೇಳಿದ್ದಾರೆ. ಜೇನ್ ಜೇಕಬ್ಸ್ 1961ರಲ್ಲೇ ಅಮೆರಿಕದ ನಗರಗಳನ್ನ ನೋಡಿ ಬರೆದಳು: ಖಾಲಿ ಪಾರ್ಕು ಅಪಾಯದ ಪಾರ್ಕು, ದಿನದ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಜನ ಬಂದು ಹೋದರೆ ಆ ಕಣ್ಣುಗಳೇ ಕಾವಲು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಬ್ಲ್ಯಾಂಕ್ ನಾಯ್ಸ್ ಅನ್ನೋ ಗುಂಪಿನ ಹೆಣ್ಣುಮಕ್ಕಳು ಪಾರ್ಕಿಗೆ ಹೋಗಿ ಬೇಕಂತಲೇ ಮಲಗುವ ‘ಮೀಟ್ ಟು ಸ್ಲೀಪ್’ ಅಭಿಯಾನ ಮಾಡಿದ್ದಾರೆ. ಭಯ ಇಲ್ಲದೆ ಬಯಲಲ್ಲಿ ಕಣ್ಣು ಮುಚ್ಚೋದು ಹೆಣ್ಣಿನ ಹಕ್ಕು ಅಂತ ಹೇಳೋಕೆ. ನನಗೆ ಅದರ ಬಗ್ಗೆ ಗೌರವ ಇದೆ. ಅದರ ಜೊತೆಗೆ ಇನ್ನೊಂದು ಹೆಜ್ಜೆ ಇಡಬೇಕು. ದಣಿದು ಬೆಂಚಿನ ಮೇಲೆ ಒರಗಿದ ಪೌರಕಾರ್ಮಿಕ ಹೆಣ್ಣನ್ನ ಲಾಠಿ ತಟ್ಟಿ ಎಬ್ಬಿಸುವ ತನಕ ಆ ಹಕ್ಕು ಅರ್ಧ ಮಾತ್ರ.

ಹಾಗಾದ್ರೆ ನಾವು ಮಾಡಬೇಕಾದ್ದೇನು? ಬರೀ ಪೋಸ್ಟ್ ಹಾಕಿ ಕೂತರೆ ಆಗಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರ್‌ಗೆ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದವು. ಕಾರ್ಪೊರೇಟರ್ ಇಲ್ಲದ ಈ ಕಾಲದಲ್ಲಿ ಪಾರ್ಕಿನ ನಿಯಮ ಮಾಡಿದ್ದು ಅಧಿಕಾರಿಗಳು ಮತ್ತು ಅವರಿಗೆ ಫೋನ್ ಮಾಡಬಲ್ಲ ಸಂಘಗಳು. ನಮ್ಮ ಕೇರಿಯವರಿಗೆ ಆ ಫೋನ್ ನಂಬರ್ ಗೊತ್ತಿಲ್ಲ. ಅದಕ್ಕೆ:

ಒಂದು, ಆರ್‌ಟಿಐ ಹಾಕಿ. ನಿಮ್ಮ ಪಾರ್ಕು ಯಾರ ಆಸ್ತಿ? 1985ರ ಕಾಯ್ದೆಯ ಪಟ್ಟಿಯಲ್ಲಿ ಇದೆಯಾ? ನಿರ್ವಹಣೆ ಗುತ್ತಿಗೆ ಯಾರದ್ದು, ಮಾಲಿಗಳಿಗೆ, ಕಾವಲುಗಾರರಿಗೆ ಎಷ್ಟು ಸಂಬಳ ಅಂತ ಬರೆದಿದ್ದಾರೆ? ಮಧ್ಯಾಹ್ನ ಮುಚ್ಚೋಕೆ, ಆಟ ನಿಷೇಧಿಸೋಕೆ ಲಿಖಿತ ಆದೇಶ ಯಾವುದು, ಸಹಿ ಯಾರದ್ದು? ಬಹಳ ಕಡೆ ಆದೇಶವೇ ಇರಲ್ಲ, ಬೋರ್ಡು ಮಾತ್ರ ಇರುತ್ತೆ.

ಎರಡು, ನಿಜವಾದ ಸುರಕ್ಷತೆ ಕೇಳಿ. ಉರಿಯುವ ದೀಪ, ಬೀಗ ಇಲ್ಲದ ಶೌಚಾಲಯ, ಕುಡಿಯುವ ನೀರು. ಗೇಟು, ಉಯ್ಯಾಲೆ, ಜಾರುಬಂಡೆ, ಕರೆಂಟು ತಂತಿಗಳ ತಪಾಸಣೆ ಆದ ದಿನಾಂಕ ಗೇಟಿನ ಮೇಲೆ ಬರೆದು ಹಾಕಲಿ. ಸರಿಯಾದ ಸಂಬಳದ ಕಾವಲುಗಾರರು ಬರಲಿ, ಅವರಲ್ಲಿ ಹೆಣ್ಣುಮಕ್ಕಳೂ ಇರಲಿ.

ಮೂರು, ಹೊತ್ತು ಹಂಚಿಕೊಳ್ಳೋಣ ಅಂತ ಹೇಳಿ. ಬೆಳಗ್ಗೆ ಹಿರಿಯರ ವಾಕಿಂಗ್, ಮಧ್ಯಾಹ್ನ ದುಡಿಯುವವರ ವಿಶ್ರಾಂತಿ, ಸಂಜೆ ಮಕ್ಕಳ ಆಟ. ನೀರಗಂಟಿ ಸರದಿ ಪ್ರಕಾರ ನೀರು ಹಂಚಿದ ಹಾಗೆ. ವಯಸ್ಸಾದವರನ್ನ ಕಂಡರೆ ನಮಗೆ ಹಗೆ ಏನಿಲ್ಲ, ಅವರ ಮೊಣಕಾಲಿಗೆ ಚೆಂಡು ಬಡಿಯಬಾರದು ಅನ್ನೋದು ನ್ಯಾಯವೇ.

ನಾಲ್ಕು, ಎ.ಕೆ. ಕಾಲೊನಿ, ಕೊಳೆಗೇರಿಗಳ ಪಕ್ಕ ಉಳಿದಿರುವ ಸರ್ಕಾರಿ ಜಾಗ ಗುರುತಿಸಿ ಮಕ್ಕಳ ಮೈದಾನಕ್ಕೆ ಅರ್ಜಿ ಕೊಡಿ. ಬಡಾವಣೆಗೆ ಶೇ 15 ಅಂದವರು ನಮ್ಮ ಕೇರಿಗೆ ಸೊನ್ನೆ ಅಂದದ್ದು ಯಾಕೆ ಅಂತ ಕೇಳಿ. ವಾರ್ಡ್ ಸಮಿತಿಯಲ್ಲಿ ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಇರುವ ಜಾಗ ಖಾಲಿ ಬಿಡಬೇಡಿ.

ಐದು, ಗೇಟಿನಲ್ಲಿ ಯಾರಾದರೂ ತಡೆದರೆ ಜಗಳ ಆಡಬೇಡಿ, ಕಾವಲುಗಾರನ ಮೇಲಂತೂ ರೇಗಬೇಡಿ. ಅವನೂ ಬಹಳ ಸಲ ನಮ್ಮವನೇ, ಹೊಟ್ಟೆಪಾಡಿಗೆ ನಿಂತವನು. ಯಾರ ಆದೇಶ ಅಂತ ಕೇಳಿ, ಬರಹದಲ್ಲಿ ಕೇಳಿ, ವಿಡಿಯೋ ಮಾಡಿಕೊಳ್ಳಿ. ಜಾತಿ ಎತ್ತಿ ಮಾತಾಡಿದರೆ ಠಾಣೆಗೆ ಹೋಗಿ ದೂರು ಕೊಡಿ, ಜೊತೆಗೆ ನಾವು ಬರ್ತೀವಿ.

ಈ ತಿಂಗಳ ಕೊನೆಯ ಭಾನುವಾರ ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ಬೆಳಗ್ಗೆ ಹತ್ತಕ್ಕೆ ಸೇರೋಣ. 85 ಎಕರೆ ಇದೆ, ಎಲ್ಲರಿಗೂ ಜಾಗ ಆಗುತ್ತೆ. ಆರ್‌ಟಿಐ ಅರ್ಜಿಯ ನಮೂನೆ ತರ್ತೀನಿ. ಬುತ್ತಿ ಕಟ್ಕೊಂಡು ಬನ್ನಿ, ಮಕ್ಕಳನ್ನ ಕರ್ಕೊಂಡು ಬನ್ನಿ, ಅಜ್ಜಿಯಂದಿರನ್ನ ಮರೀಬೇಡಿ. ಈ ನೆಲದ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಜೈಭೀಮ್.